ಕಾರಿನ ಕೊನೆಯ ಕಾಗದ

ಹಳೆಯ ಕಾರನ್ನು ಗುಜರಿಗೆ ಹಾಕುವುದು ಕಷ್ಟದ ಕೆಲಸವಲ್ಲ. ಒಂದು ಫೋನ್ ಮಾಡಿದರೆ ಟೋಯಿಂಗ್ ಗಾಡಿ ಮನೆ ಬಾಗಿಲಿಗೇ ಬರುತ್ತದೆ. ವರ್ಷಗಟ್ಟಲೆ ಹೊಂಗೆ ಮರದ ಕೆಳಗೆ ನಿಂತು, ಟೈರು ನೆಲಕ್ಕೆ ಕೂತು, ವೈಪರಿನ ಸಂದಿಯಲ್ಲಿ ಎಲೆ ಕೊಳೆತ ಗಾಡಿಯನ್ನು ಸರಪಳಿ ಬಿಗಿದು ಎಳೆದುಕೊಂಡು ಹೋಗುತ್ತಾರೆ. ಕೈಗೆ ಒಂದಿಷ್ಟು ದುಡ್ಡು ಬರುತ್ತದೆ, ಮನೆ ಮುಂದೆ ಜಾಗ ಖಾಲಿಯಾಗುತ್ತದೆ. ಎಲ್ಲ ಮುಗಿಯಿತು ಎಂದುಕೊಂಡು ಒಳಗೆ ಹೋಗುತ್ತೇವೆ.

ಮುಗಿದಿರುವುದು ಅರ್ಧ ಮಾತ್ರ. ಮನೆಯ ಹಿರಿಯರು ತೀರಿಕೊಂಡ ಮೇಲೂ ರೇಷನ್ ಕಾರ್ಡಿನಲ್ಲಿ ಅವರ ಹೆಸರು ಉಳಿದುಬಿಡುತ್ತದಲ್ಲ, ಹಾಗೆ ಆ ಕಾರು ಸಾರಿಗೆ ಇಲಾಖೆಯ ‘ವಾಹನ್’ ದಾಖಲೆಯಲ್ಲಿ ಇನ್ನೂ ಬದುಕಿದೆ. ಅದೇ ನಂಬರು, ಅದೇ ವಿಳಾಸ, ಅದೇ ಮಾಲೀಕ. ಅದರ ಬಾಗಿಲು ಒಂದು ಊರಿಗೆ, ಎಂಜಿನ್ ಇನ್ನೊಂದು ಊರಿಗೆ, ತಗಡು ಕುಲುಮೆಗೆ ಹೋಗಿದ್ದರೂ ಕಾನೂನಿನ ಕಣ್ಣಿಗೆ ಆ ಗಾಡಿ ಯಾವುದೋ ರಸ್ತೆಯಲ್ಲಿ ಓಡಾಡುತ್ತಿರಬಹುದು. ಓಡಿಸುತ್ತಿರುವವರು ಯಾರೇ ಆಗಿರಲಿ, ಹೊಣೆ ಮಾತ್ರ ನಮ್ಮದು.

ಇದು ಸುಮ್ಮನೆ ಹೆದರಿಸಲು ಹೇಳುವ ಮಾತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನ 30ನೇ ಉಪಕಲಮು ‘ಮಾಲೀಕ’ ಯಾರು ಎಂದು ಹೇಳುತ್ತದೆ: ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರು. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಬಿಡಿಸಿ ಹೇಳಿತು. ಅಲ್ಲಿ ಕಾರು ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಕೈ ದಾಟುತ್ತಾ ಹೋಗಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತವಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವರ ಮೇಲೆಯೇ ಬಂತು. ಗಾಯಗೊಂಡವರು, ಸತ್ತವರ ಮನೆಯವರು ಒಬ್ಬರ ಹಿಂದೆ ಒಬ್ಬರನ್ನು ಹುಡುಕುತ್ತಾ ಅಲೆಯಬಾರದು ಎಂಬುದು ಕೋರ್ಟಿನ ಕಾಳಜಿ. ಅದು ನ್ಯಾಯವಾದ ಕಾಳಜಿ. ಗುಜರಿಯವರ ಕೈಗೆ ಕೀಲಿ ಕೊಟ್ಟು ಸುಮ್ಮನಾದವರಿಗೂ ಆ ತೀರ್ಪಿನಲ್ಲಿ ಕಲಿಯುವುದಿದೆ.

ಹಾಗಾಗಿ ಕಾರನ್ನು ಕಳಚುವ ಕಸುಬಿನ ಪಕ್ಕದಲ್ಲಿ ಇನ್ನೊಂದು ಕಸುಬು ಬೆಳೆದಿದೆ. ಅದು ಕಾರಿನ ಗುರುತನ್ನು ಕಳಚುವ ಕಸುಬು. ಎದುರಿಗೆ ನಿಂತ ಕಬ್ಬಿಣವೂ ದಾಖಲೆಯಲ್ಲಿರುವ ಹೆಸರೂ ಒಂದೇ ಎಂದು ಮೊದಲು ಸಾಬೀತು ಮಾಡಿ, ಆಮೇಲೆ ಎರಡನ್ನೂ ಒಟ್ಟಿಗೆ ಮುಗಿಸುವುದು. ಒಂದು ಉಳಿದು ಇನ್ನೊಂದು ಹೋಗಬಾರದು. ಈ ಕೆಲಸವನ್ನು ಚೆನ್ನಾಗಿ ಬಲ್ಲವರು ಕಡತ ನೋಡುವುದನ್ನು ಗಮನಿಸಿದರೆ ಗೌರವ ಹುಟ್ಟುತ್ತದೆ. ನನಗಂತೂ ಹುಟ್ಟಿದೆ.

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನು ನೋಡಿದವರಿಗೆ ಕಳಚುವವರ ಕೈಚಳಕ ಗೊತ್ತು. ಯಾವ ಕಾರಿನ ಗೇರ್ ಬಾಕ್ಸು ಯಾವ ಕಾರಿಗೆ ಕೂರುತ್ತದೆ, ಯಾವ ವರ್ಷದ ಹೆಡ್‌ಲೈಟಿನ ಕೊಕ್ಕೆ ಬೇರೆ ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಬಡಾವಣೆಗಳ ಮೆಕ್ಯಾನಿಕ್ಕುಗಳು ಎಷ್ಟೋ ಹಳೆಯ ಗಾಡಿಗಳನ್ನು ಇಂದಿಗೂ ಓಡಿಸುತ್ತಿದ್ದಾರೆಂದರೆ ಆ ಅಂಗಡಿಗಳ ಋಣ ಅದರಲ್ಲಿದೆ. ಅವರನ್ನು ಹಗುರಾಗಿ ಕಾಣುವ ಮನಸ್ಸು ನನಗಿಲ್ಲ. ಆದರೆ ಕಾನೂನು ಕೇಳುವ ಕಾಗದವನ್ನು ಕೊಡುವ ಅಧಿಕಾರ ಎಲ್ಲ ಗುಜರಿ ಅಂಗಡಿಗೂ ಇಲ್ಲ. ಕಾರು ಕಾಣೆಯಾಗಿ ನಂಬರು ಜೀವಂತ ಉಳಿದಾಗ ಆ ನಂಬರಿಗೇ ಒಂದು ಬೆಲೆ ಬರುತ್ತದೆ. ಎಲ್ಲಿಂದಲೋ ಕದ್ದ ಅದೇ ಮಾದರಿಯ, ಅದೇ ಬಣ್ಣದ ಗಾಡಿಗೆ ಸತ್ತ ಗಾಡಿಯ ಚಾಸಿ ನಂಬರು ಕೆತ್ತಿ, ಅದರದೇ ಆರ್‌ಸಿ ಇಟ್ಟು ಮಾರುವ ಜಾಲಗಳನ್ನು ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಹಾಗೆ ಮಾರಿದ ಗಾಡಿ ಕೊಂಡ ಅಮಾಯಕನಿಗೂ ಕಷ್ಟ, ಆರ್‌ಸಿಯಲ್ಲಿ ಹೆಸರಿದ್ದ ಹಳೆಯ ಮಾಲೀಕನಿಗೂ ಕಷ್ಟ.

ಕಾಯ್ದೆಯಲ್ಲಿ ಇದಕ್ಕೆ ದಾರಿ ಮೊದಲಿನಿಂದಲೂ ಇತ್ತು. 55ನೇ ಕಲಮಿನ ಪ್ರಕಾರ ವಾಹನ ನಾಶವಾದರೆ ಅಥವಾ ಇನ್ನೆಂದೂ ಬಳಸಲಾಗದಂತಾದರೆ ಮಾಲೀಕರು 14 ದಿನಗಳೊಳಗೆ, ಇಲ್ಲವೇ ಆದಷ್ಟು ಬೇಗ, ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯನ್ನು ಹಿಂದಿರುಗಿಸಬೇಕು. ಪ್ರಾಧಿಕಾರ ನೋಂದಣಿ ರದ್ದುಮಾಡುತ್ತದೆ. ಜನ ಇದನ್ನೇ ‘ಆರ್‌ಸಿ ಕ್ಯಾನ್ಸಲ್’ ಎನ್ನುವುದು. ಆದರೆ ಗಾಡಿ ನಿಜವಾಗಿ ಹೋಯಿತು ಎಂದು ತೋರಿಸುವ ಹೊರೆ ಮಾಲೀಕರ ತಲೆಯ ಮೇಲೇ ಇತ್ತು. ಕತ್ತರಿಸಿದ ಚಾಸಿ ತುಂಡನ್ನು ಚೀಲದಲ್ಲಿ ಹಿಡಿದು ಆರ್‌ಟಿಒ ಕಚೇರಿಯಲ್ಲಿ ಸಾಲು ನಿಂತವರು ಹಿಂದಿನ ತಲೆಮಾರಿನಲ್ಲಿ ಸಾಕಷ್ಟಿದ್ದಾರೆ. ನಿಲ್ಲದೆ ಬಿಟ್ಟವರು ಅವರಿಗಿಂತ ಹೆಚ್ಚು.

2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ಕೇಂದ್ರಗಳ ನೋಂದಣಿ ಮತ್ತು ಕಾರ್ಯಗಳ ನಿಯಮಗಳನ್ನು ಹೊರಡಿಸಿತು. ಅಲ್ಲಿಂದ ಆ ಹೊರೆಯ ದೊಡ್ಡ ಪಾಲು ನೋಂದಾಯಿತ ಗುಜರಿ ಕೇಂದ್ರಗಳಿಗೆ, ಅಂದರೆ ಆರ್‌ವಿಎಸ್‌ಎಫ್‌ಗಳಿಗೆ, ಹೋಯಿತು. ಈ ಕೇಂದ್ರಗಳು ‘ವಾಹನ್’ ದಾಖಲೆಗೆ ನೇರವಾಗಿ ಜೋಡಣೆಗೊಂಡಿರುತ್ತವೆ. ಧಾರವಾಡದಲ್ಲಿ ನೋಂದಣಿಯಾದ ಕಾರನ್ನು ಧಾರವಾಡದಲ್ಲೇ ಕೊಡಬೇಕೆಂದಿಲ್ಲ, ದೇಶದ ಯಾವ ನೋಂದಾಯಿತ ಕೇಂದ್ರಕ್ಕಾದರೂ ಒಪ್ಪಿಸಬಹುದು. ಪುಣೆಯಲ್ಲೋ ಹೈದರಾಬಾದಿನಲ್ಲೋ ನೆಲೆಸಿ ಕೆಎ ನಂಬರಿನ ಹಳೆಯ ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಂಡಿರುವ ಕನ್ನಡಿಗರಿಗೆ ಇದು ದೊಡ್ಡ ಅನುಕೂಲ.

ಈ ವ್ಯವಸ್ಥೆಯಲ್ಲಿ ಎರಡು ಕಾಗದಗಳು ಹುಟ್ಟುತ್ತವೆ. ಎರಡರ ವ್ಯತ್ಯಾಸವನ್ನು ಮಾಲೀಕರಾದವರು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. ಗಾಡಿಯನ್ನು ಕೇಂದ್ರಕ್ಕೆ ಒಪ್ಪಿಸಿದಾಗ ಸಿಗುವುದು ಸರ್ಟಿಫಿಕೇಟ್ ಆಫ್ ಡೆಪಾಸಿಟ್, ಬಾಯಿಮಾತಿನಲ್ಲಿ ಸಿಒಡಿ. ಗಾಡಿ ಇನ್ನು ಮಾಲೀಕರದ್ದಲ್ಲ, ಕಳಚುವ ಸಲುವಾಗಿ ಕೇಂದ್ರದ ವಶಕ್ಕೆ ಬಂದಿದೆ ಎಂದು ಅದು ಹೇಳುತ್ತದೆ. ಹೊಸ ವಾಹನಕ್ಕೆ ಸಿಗುವ ರಿಯಾಯಿತಿಗಳಿಗೆಲ್ಲ ಇದೇ ಆಧಾರ. ಎರಡನೆಯದು ಸರ್ಟಿಫಿಕೇಟ್ ಆಫ್ ವೆಹಿಕಲ್ ಸ್ಕ್ರ್ಯಾಪಿಂಗ್. ಗಾಡಿಯನ್ನು ನಿಜವಾಗಿ ಕಳಚಿ ಮುಗಿಸಿದ ಮೇಲೆ ಇದು ಹೊರಡುತ್ತದೆ, ಇದರ ಮೇಲೆಯೇ ನೋಂದಣಿ ಶಾಶ್ವತವಾಗಿ ರದ್ದಾಗುತ್ತದೆ. ಮೊದಲನೆಯದು ಕೈಗೆ ಬಂತೆಂದು ಎಷ್ಟೋ ಜನ ನೆಮ್ಮದಿಯಾಗಿಬಿಡುತ್ತಾರೆ. ದಾಖಲೆಯನ್ನು ಮುಚ್ಚುವುದು ಎರಡನೆಯದು. ಅದನ್ನು ಕೇಳಿ ಪಡೆಯಬೇಕು.

ಇನ್ನು ಕಡತದ ಕೆಲಸ. ಆರ್‌ಸಿಯನ್ನು ಕೈಗೆತ್ತಿಕೊಂಡ ಅನುಭವಿ ಮೊದಲು ನಂಬರನ್ನು ನೋಡುವುದಿಲ್ಲ. ಸಾಲದ ಕಾಲಮನ್ನು ನೋಡುತ್ತಾನೆ. ಎಚ್‌ಪಿ, ಅಂದರೆ ಹೈಪೋಥಿಕೇಶನ್, ಇದೆಯೇ? ಹದಿನೈದು ಇಪ್ಪತ್ತು ವರ್ಷದ ಹಿಂದೆ ಸಾಲ ಮಾಡಿ ಕೊಂಡ ಕಾರು. ಸಾಲ ತೀರಿ ಎಷ್ಟೋ ಕಾಲವಾಯಿತು. ಬ್ಯಾಂಕಿನವರು ಕೊಟ್ಟ ಎನ್‌ಒಸಿ ಬೀರುವಿನಲ್ಲೇ ಉಳಿಯಿತು. ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲೇ ಇಲ್ಲ. ಈ ಕಥೆ ಮನೆಮನೆಯದು. 2022ರ ಸೆಪ್ಟೆಂಬರಿನ ತಿದ್ದುಪಡಿಯ ನಂತರ ಅರ್ಜಿ ಹಾಕುವ ಹಂತದಲ್ಲೇ ‘ವಾಹನ್’ ವ್ಯವಸ್ಥೆ ತಾನಾಗಿ ಕೆಲವು ತಪಾಸಣೆ ಮಾಡುತ್ತದೆ. ಸಾಲದ ನಮೂದು ತೆರವಾಗಿದೆಯೇ, ಗಾಡಿಯ ಮೇಲೆ ಅಪರಾಧ ಪ್ರಕರಣ ಇದೆಯೇ, ಬಾಕಿ ಇದೆಯೇ, ಕಪ್ಪುಪಟ್ಟಿಯಲ್ಲಿದೆಯೇ ಎಂದು. ಒಂದರಲ್ಲಿ ಸಿಕ್ಕಿಬಿದ್ದರೂ ಅರ್ಜಿ ಮುಂದೆ ಹೋಗದು.

ಕರ್ನಾಟಕದ ಮಟ್ಟಿಗೆ ಈ ಸಾಲದ ಕಾಲಮಿನಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮ ಹಳೆಯ ಆರ್‌ಸಿಗಳಲ್ಲಿ ಕಾಣುವ ಬ್ಯಾಂಕುಗಳ ಹೆಸರುಗಳನ್ನು ಓದಿ ನೋಡಿ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್. ನಾಲ್ಕೂ ಈ ನೆಲದಲ್ಲಿ ಹುಟ್ಟಿದವು, ನಾಲ್ಕೂ ಇಂದು ಇಲ್ಲ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿಗೆ ಹೋದವು. ಸಾಲ ತೀರಿದ ಪತ್ರ ಕೇಳಲು ಈಗ ಹೋಗಬೇಕಾದ್ದು ವಾರಸು ಬ್ಯಾಂಕಿನ ಶಾಖೆಗೆ. ಹಳೆಯ ಸಾಲದ ಖಾತೆ ಸಂಖ್ಯೆ, ಕೊನೆಯ ಕಂತಿನ ರಸೀದಿ, ಏನೂ ಸಿಗದಿದ್ದರೆ ಆ ಕಾಲದ ಪಾಸ್‌ಬುಕ್ಕು, ಇವುಗಳಲ್ಲಿ ಒಂದಾದರೂ ಕೈಯಲ್ಲಿದ್ದರೆ ಶಾಖೆಯವರು ಹುಡುಕಬಲ್ಲರು. ಅವರು ಸಹಿ ಮಾಡಿದ 35ನೇ ನಮೂನೆಯ ಎರಡು ಪ್ರತಿ ಮತ್ತು ಎನ್‌ಒಸಿ ಆರ್‌ಟಿಒಗೆ ಹೋದಮೇಲೆ ಎಚ್‌ಪಿ ತೆರವಾಗುತ್ತದೆ. ಚೆನ್ನಾಗಿ ನಡೆಯುವ ಕೇಂದ್ರದಲ್ಲಿ ಕಡತದವರು ಟೋಯಿಂಗ್ ಗಾಡಿ ಕಳಿಸುವ ಮುಂಚೆಯೇ ಇದನ್ನು ಕೇಳುತ್ತಾರೆ. ಗಾಡಿ ಅಂಗಳಕ್ಕೆ ಬಂದು ನಿಂತಮೇಲೆ ಸಾಲದ ತೊಡಕು ಕಂಡರೆ ಇಬ್ಬರಿಗೂ ಪೇಚು ಎಂದು ಅವರಿಗೆ ಗೊತ್ತು.

ಎರಡನೆಯದು ಹೆಸರು. ಆರ್‌ಸಿಯಲ್ಲಿ ‘ಕೆ. ಎಸ್.’ ಎಂದು ಇನಿಷಿಯಲ್ ಮುಂದಿದ್ದರೆ ಆಧಾರಿನಲ್ಲಿ ಅದು ಹಿಂದಕ್ಕೆ ಹೋಗಿರುತ್ತದೆ. ಪಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್ ಪೂರ್ತಿ ಬಿಚ್ಚಿಕೊಂಡು ಊರಿನ ಹೆಸರು, ತಂದೆಯ ಹೆಸರಾಗಿರುತ್ತದೆ. ಮೂರೂ ಒಬ್ಬರೇ ಎಂದು ತೋರಿಸಲು ಅಫಿಡವಿಟ್ ಬೇಕಾಗಬಹುದು. ಮಾಲೀಕರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಜೊತೆಗೆ ವಾರಸುದಾರಿಕೆಯ ಪುರಾವೆ ಬೇಕು. ಒಬ್ಬರಿಗಿಂತ ಹೆಚ್ಚು ವಾರಸುದಾರರಿದ್ದರೆ ಉಳಿದವರ ಒಪ್ಪಿಗೆಯ ಪತ್ರವನ್ನೂ ಮೊದಲೇ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಅಪ್ಪ ಓಡಿಸುತ್ತಿದ್ದ ಕಾರನ್ನು ಕಳಿಸಿಕೊಡುವುದು ಹಲವು ಮನೆಗಳಲ್ಲಿ ಭಾರವಾದ ಗಳಿಗೆ. ಆ ಗಳಿಗೆಯಲ್ಲಿ ಅವಸರ ಮಾಡದೆ, ಯಾವ ಕಾಗದ ಏಕೆ ಬೇಕು ಎಂದು ಸಮಾಧಾನವಾಗಿ ತಿಳಿಸಿ ಹೇಳುವ ಗುಮಾಸ್ತರನ್ನು ಕಂಡಿದ್ದೇನೆ. ಅವರ ಕೆಲಸದಲ್ಲಿ ಅದೂ ಸೇರಿದೆ ಎಂದು ಅವರೇನೂ ಹೇಳಿಕೊಳ್ಳಲಿಲ್ಲ.

ಆರ್‌ಸಿಯೇ ಕಳೆದುಹೋಗಿದ್ದರೆ ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಇನ್ನೂ ಹಳೆಯ ಗಾಡಿಗಳದ್ದು ಬೇರೆಯೇ ಪಾಡು. ಕಾರ್ಡು ಬರುವ ಮುಂಚಿನ ಆರ್‌ಸಿ ಪುಸ್ತಕ ಕೆಲವರಲ್ಲಿದೆ, ಕೈಬರಹದ್ದು, ಮಡಿಕೆಯಲ್ಲಿ ಹರಿದದ್ದು. ಅಂಥ ಗಾಡಿಯ ವಿವರ ಕಂಪ್ಯೂಟರಿನಲ್ಲಿ ಇಲ್ಲದೇ ಹೋಗಬಹುದು. ಇಲ್ಲದ್ದನ್ನು ರದ್ದುಮಾಡುವುದು ಹೇಗೆ? ಆದ್ದರಿಂದ ಮೊದಲು ಆರ್‌ಟಿಒ ಕಚೇರಿಯ ಹಳೆಯ ರಿಜಿಸ್ಟರಿನಿಂದ ವಿವರವನ್ನು ತೆಗೆದು ‘ವಾಹನ್’ಗೆ ಏರಿಸಬೇಕು. ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ರದ್ದುಮಾಡುವ ಸಲುವಾಗಿಯೇ ಒಮ್ಮೆ ದಾಖಲೆಯೊಳಗೆ ಹುಟ್ಟಿಸುವ ಈ ಕೆಲಸಕ್ಕೆ ತಾಳ್ಮೆ ಬೇಕು. ಹಳೆಯ ರಿಜಿಸ್ಟರಿನ ಅಕ್ಷರ ಓದಬಲ್ಲ ಸಿಬ್ಬಂದಿ ಕಚೇರಿಯಲ್ಲಿ ಒಬ್ಬರಾದರೂ ಇರುವುದು ಪುಣ್ಯ.

ಎಫ್‌ಸಿ ಮುಗಿದಿದೆ, ಇನ್ಶೂರೆನ್ಸ್ ಇಲ್ಲ, ನೋಂದಣಿ ಅವಧಿಯೇ ದಾಟಿಹೋಗಿದೆ ಎಂದು ಕೆಲವರು ಹೆದರಿ ಗಾಡಿಯನ್ನು ಹಾಗೇ ಕೊಳೆಯಲು ಬಿಡುತ್ತಾರೆ. ಹೆದರಬೇಕಿಲ್ಲ. ನೋಂದಣಿ ನವೀಕರಿಸದ, ಫಿಟ್‌ನೆಸ್ ಸಿಗದ, ಬೆಂಕಿ, ಪ್ರವಾಹ, ಅಪಘಾತಗಳಲ್ಲಿ ಹಾಳಾದ ಗಾಡಿಗಳೇ ಈ ಕೇಂದ್ರಗಳಿಗೆ ಬರುವವು. ನಿಯಮದಲ್ಲೇ ಹಾಗೆ ಬರೆದಿದೆ. ಮಾಲೀಕರು ತಾವಾಗಿ ಕೊಡಲು ಬಯಸುವ ಯಾವ ಗಾಡಿಯನ್ನಾದರೂ ಕೊಡಬಹುದು.

ಕಾಗದ ಸರಿಯಿದೆ ಎಂದಮೇಲೆ ಗಾಡಿಯ ಕಡೆಗೆ ನಡೆಯುತ್ತಾರೆ. ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಇಲ್ಲಿನ ಕೆಲಸ. ಎಂಜಿನ್ ಕೋಣೆಯ ಹಿಂಗೋಡೆಯಲ್ಲೋ, ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಎತ್ತಿದರೆ ಕಾಣುವ ತಗಡಿನಲ್ಲೋ ಚಾಸಿ ನಂಬರು ಒತ್ತಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 122ನೇ ನಿಯಮದಂತೆ ಕಾರ್ಖಾನೆಯವರು ಅದನ್ನು ಲೋಹದಲ್ಲೇ ಮೂಡಿಸಬೇಕು. ಈಗಿನ ಕಾರುಗಳಲ್ಲಿ ಅದು 17 ಅಕ್ಷರ-ಅಂಕಿಗಳ ಸಾಲು. ಮೊದಲ ಮೂರು ಅಕ್ಷರ ತಯಾರಕರ ಗುರುತು: ಮಾರುತಿಗೆ ‘ಎಂಎ3’, ಟಾಟಾಗೆ ‘ಎಂಎಟಿ’, ಹುಂಡೈಗೆ ‘ಎಂಎಎಲ್’. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ಈ ಸಾಲಿನಲ್ಲಿ ಎಲ್ಲೂ ಬರುವುದಿಲ್ಲ. ಒಂದು ಮತ್ತು ಸೊನ್ನೆಯ ಜೊತೆ ಅವು ಬೆರೆತು ಗೊಂದಲವಾಗದಿರಲೆಂದು ಅಂತರರಾಷ್ಟ್ರೀಯ ಮಾನದಂಡವೇ ಅವನ್ನು ಹೊರಗಿಟ್ಟಿದೆ. ಕಡತದಲ್ಲಿ ಚಾಸಿ ನಂಬರಿನ ನಡುವೆ ‘ಒ’ ಎಂದು ಓದಿದ್ದರೆ ಅಲ್ಲಿ ಯಾರೋ ಹಿಂದೆ ಸೊನ್ನೆಯನ್ನು ತಪ್ಪಾಗಿ ಬರೆದಿದ್ದಾರೆ ಎಂದು ಬಲ್ಲವರು ಕೂಡಲೇ ಹೇಳುತ್ತಾರೆ.

ಆ ಜಾಗದಲ್ಲಿ ವರ್ಷಗಳ ಎಣ್ಣೆ ಜಿಡ್ಡು, ಧೂಳು, ತುಕ್ಕು ಕೂತಿರುತ್ತದೆ. ಸೀಮೆಎಣ್ಣೆಯೋ ಪೆಟ್ರೋಲೋ ಅದ್ದಿದ ಬಟ್ಟೆಯಲ್ಲಿ ಒರೆಸಬೇಕು, ಬೇಕಾದರೆ ನುಣುಪು ಮರಳುಕಾಗದದಲ್ಲಿ ಮೆಲ್ಲಗೆ ಉಜ್ಜಬೇಕು. ಬಿರುಸಾಗಿ ಉಜ್ಜಿದರೆ ತುಕ್ಕು ಹಿಡಿದ ತಗಡಿನಲ್ಲಿ ಅಂಕಿಯೇ ಅಳಿದೀತು. ಒಣಗಿದ ಮೇಲೆ ತೆಳು ಕಾಗದ ಇಟ್ಟು, ಅದು ಅಲುಗದಂತೆ ಎರಡು ಬೆರಳಲ್ಲಿ ಒತ್ತಿ ಹಿಡಿದು, ಮೆತ್ತನೆಯ ಪೆನ್ಸಿಲಿನ ಸೀಸವನ್ನು ಅಡ್ಡ ಮಲಗಿಸಿ ಒಂದೇ ದಿಕ್ಕಿಗೆ ಸವರುತ್ತಾರೆ. ಅಕ್ಷರಗಳು ಒಂದೊಂದಾಗಿ ಕಾಗದದ ಮೇಲೆ ಏಳುತ್ತವೆ. ಇದಕ್ಕೆ ಪೆನ್ಸಿಲ್ ಪ್ರಿಂಟ್ ಎಂದು ಹೆಸರು. ಕೆಲವರು ನಂಬರಿನ ಮೇಲೇ ಪೆನ್ಸಿಲ್ ಉಜ್ಜಿ ಸೆಲ್ಲೋಟೇಪು ಅಂಟಿಸಿ ಎತ್ತುತ್ತಾರೆ. ಕೈ ಒಂದು ಕೂದಲೆಳೆ ಜರುಗಿದರೂ ಅಕ್ಷರ ಜೋಡಿಯಾಗಿ ಮೂಡುತ್ತದೆ, ಮತ್ತೆ ಮೊದಲಿಂದ. ಎಲ್ಲರ ಕೈಯಲ್ಲೂ ಫೋನಿನ ಕ್ಯಾಮೆರಾ ಇರುವ ಈ ಕಾಲದಲ್ಲಿ ಇದೇಕೆ ಎನಿಸಬಹುದು. ಫೋಟೋ ತೆಗೆಯುವುದೂ ಉಂಟು. ಆದರೆ ಪೆನ್ಸಿಲ್ ಪ್ರಿಂಟು ಲೋಹದ ಅಳತೆಯನ್ನು ಇದ್ದ ಹಾಗೆ ಎತ್ತಿಕೊಳ್ಳುತ್ತದೆ. ಅಕ್ಷರದ ಎತ್ತರ, ನಡುವಿನ ಅಂತರ, ಸಾಲು ನೇರವೋ ಸೊಟ್ಟವೋ, ಎಲ್ಲ ಅದರಲ್ಲಿದೆ.

ಬಲ್ಲವರ ಕಣ್ಣು ಓದುವುದು ಇದನ್ನೇ. ಕಾರ್ಖಾನೆಯ ಅಚ್ಚಿನಲ್ಲಿ ಎಲ್ಲ ಅಕ್ಷರದ ಆಳ ಒಂದೇ ಇರುತ್ತದೆ. ಕೈಯಿಂದ ಪಂಚು ಹೊಡೆದದ್ದರಲ್ಲಿ ಒಂದು ಅಕ್ಷರ ಆಳ, ಪಕ್ಕದ್ದು ತೇಲು. ಸುತ್ತಲಿನ ತಗಡು ಬೇರೆಡೆಗಿಂತ ತೆಳುವಾಗಿದ್ದರೆ ಅಲ್ಲಿ ಗ್ರೈಂಡರ್ ಆಡಿದೆ. ಬಣ್ಣದ ಕೆಳಗೆ ಪುಟ್ಟಿ ಸಿಕ್ಕರೆ, ಹತ್ತಿರದಲ್ಲೇ ವೆಲ್ಡಿಂಗಿನ ಏಣು ಬೆರಳಿಗೆ ತಾಕಿದರೆ, ಅನುಮಾನ ಬಲಿಯುತ್ತದೆ. ಲೋಹ ಈ ವಿಷಯದಲ್ಲಿ ಬಹಳ ಪ್ರಾಮಾಣಿಕ. ಅಚ್ಚು ಒತ್ತಿದಾಗ ಮೇಲ್ಮೈ ಮಾತ್ರವಲ್ಲ, ಅದರಡಿಯ ಪದರವೂ ಅದುಮಿಹೋಗಿರುತ್ತದೆ. ಹಾಗಾಗಿ ಅಂಕಿಯನ್ನು ಉಜ್ಜಿ ಅಳಿಸಿದ್ದರೂ ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲದ ದ್ರಾವಣ ಸವರಿ ಹಳೆಯ ನಂಬರನ್ನು ಮತ್ತೆ ಮೂಡಿಸಬಲ್ಲರು. ಗುಜರಿ ಕೇಂದ್ರದಲ್ಲಿ ಆ ಮಟ್ಟಕ್ಕೆ ಹೋಗುವುದಿಲ್ಲ. ಅನುಮಾನ ಬಂದರೆ ಗಾಡಿ ಒಪ್ಪಿಕೊಳ್ಳದೆ ನಿಲ್ಲಿಸುವುದು ಅವರ ಕೆಲಸ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಕಳವಾದ ವಾಹನಗಳ ಪಟ್ಟಿಯ ಜೊತೆಗೂ ಸ್ಥಳೀಯ ಪೊಲೀಸರ ದಾಖಲೆಯ ಜೊತೆಗೂ ತಾಳೆ ನೋಡಬೇಕು ಎಂದು ನಿಯಮವಿದೆ. ಕದ್ದ ಕಾರನ್ನು ಕಳಚಿಬಿಟ್ಟರೆ ಅದರ ನಿಜ ಮಾಲೀಕನಿಗೆ ಇದ್ದ ಕೊನೆಯ ಆಸೆಯೂ ಹೋದಂತೆ. ಹದಿನೇಳು ಅಕ್ಷರವನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಪರದೆಯ ಮೇಲೆ ಬೆರಳಿಟ್ಟು ಹೋಲಿಸುವುದು ನೋಡಲು ಚಿಕ್ಕ ಕೆಲಸ. ಅದರ ಮೇಲೆ ನಿಂತಿರುವುದು ಇಷ್ಟೆಲ್ಲ.

ತೂಕವಾಗುತ್ತದೆ, ದರ ಗೊತ್ತಾಗುತ್ತದೆ. ಮಾರುತಿ 800ರಂಥ ಪುಟ್ಟ ಕಾರು ಸುಮಾರು 650 ಕಿಲೋ ತೂಗುತ್ತದೆ. ಕಬ್ಬಿಣದ ಮಾರುಕಟ್ಟೆ ಏರಿದಂತೆ ಇಳಿದಂತೆ ಕೈಗೆ ಸಿಗುವ ಹಣವೂ ಏರಿಳಿಯುತ್ತದೆ. ಹಣ ಬ್ಯಾಂಕ್ ಖಾತೆಗೆ ಬರುವುದರಿಂದ ರದ್ದುಪಡಿಸಿದ ಚೆಕ್ ಹಾಳೆಯೊಂದನ್ನು ಕೇಳುತ್ತಾರೆ. ಈ ಹಂತದಲ್ಲಿ ಸಿಒಡಿ ಸಿದ್ಧವಾಗುತ್ತದೆ.

ಕಳಚುವ ಕೆಲಸಕ್ಕೂ ಒಂದು ಕ್ರಮವಿದೆ. ಗ್ಯಾಸ್ ಕಟರ್ ಮೊದಲಿಗೆ ಬರುವಂತಿಲ್ಲ. ಬ್ಯಾಟರಿ ಬಿಚ್ಚಬೇಕು, ಟ್ಯಾಂಕಿನ ಇಂಧನ ಬಸಿಯಬೇಕು, ಸಿಎನ್‌ಜಿ ಸಿಲಿಂಡರ್ ಇದ್ದರೆ ಖಾಲಿ ಮಾಡಿ ಬೇರ್ಪಡಿಸಬೇಕು. ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಒಂದೊಂದನ್ನೂ ಬೇರೆ ಬೇರೆ ಡಬ್ಬಕ್ಕೆ ಇಳಿಸಬೇಕು. ಎಸಿಯ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಎಳೆದುಕೊಳ್ಳಬೇಕು. ಭೂಮಿಯನ್ನು ಬಿಸಿಮಾಡುವುದರಲ್ಲಿ ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ತೀಕ್ಷ್ಣ. ಏರ್‌ಬ್ಯಾಗಿನೊಳಗೆ ಸಿಡಿಯುವ ಪುಡಿ ಇದೆ, ಅದನ್ನು ಮೊದಲೇ ನಿಷ್ಕ್ರಿಯಗೊಳಿಸಬೇಕು. ಕೆಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಇವೆ, ಅದು ಬೇರೆ ದಾರಿ ಹಿಡಿಯುತ್ತದೆ. ಉಳಿದದ್ದು ಹೆಚ್ಚೂಕಡಿಮೆ ಉಕ್ಕು. ಮಣ್ಣಿನ ನೆಲದ ಮೇಲೆ ಎಣ್ಣೆ ಚೆಲ್ಲಿ ಕಳಚುವ ಹಳೆಯ ಪದ್ಧತಿಗೂ ಇದಕ್ಕೂ ಇರುವ ಅಂತರವನ್ನು ಕೇಂದ್ರದ ಅಂಗಳದಲ್ಲಿ ನಿಂತು ಉಸಿರೆಳೆದರೇ ತಿಳಿಯಬಹುದು.

ಇದರ ನಡುವೆ ಚಾಸಿ ನಂಬರು ಇರುವ ತಗಡನ್ನು ಚೌಕವಾಗಿ ಕತ್ತರಿಸಿ ಎತ್ತಿಡುತ್ತಾರೆ. ಕಳಚಿದ ಪ್ರಮಾಣಪತ್ರ ಹೊರಟ ದಿನದಿಂದ ಆರು ತಿಂಗಳು ಆ ತುಂಡನ್ನು ಕೇಂದ್ರದವರು ಜೋಪಾನ ಮಾಡಬೇಕು. ಯಾವುದಾದರೂ ತಕರಾರು ಎದ್ದರೆ ತೋರಿಸಲು ಅದೊಂದೇ ಗಟ್ಟಿ ಸಾಕ್ಷಿ. ನಂಬರ್ ಪ್ಲೇಟುಗಳನ್ನೂ ಇಡಿಯಾಗಿ ಹೊರಗೆ ಹೋಗಲು ಬಿಡಬಾರದು. ನೆನಪಿಗೆ ಇರಲಿ ಎಂದು ಪ್ಲೇಟು ಕೇಳುವವರಿದ್ದಾರೆ. ಆಸೆ ಸಹಜವಾದದ್ದೇ, ಆದರೂ ಅದನ್ನು ಕತ್ತರಿಸುವುದೇ ಸರಿ.

ಹೀಗೆ ಸಿಗುವ ಸಿಒಡಿಗೆ ಹಣದ ಬೆಲೆಯೂ ಇದೆ. 2021ರ ಅಕ್ಟೋಬರಿನ ತಿದ್ದುಪಡಿಯಂತೆ, ಸಿಒಡಿ ತೋರಿಸಿ ಕೊಳ್ಳುವ ಹೊಸ ಸ್ವಂತ ಬಳಕೆಯ ವಾಹನಕ್ಕೆ ಮೋಟಾರು ವಾಹನ ತೆರಿಗೆಯಲ್ಲಿ ಶೇ 25ರವರೆಗೆ, ಸಾರಿಗೆ ವಾಹನಕ್ಕೆ ಶೇ 15ರವರೆಗೆ ರಿಯಾಯಿತಿ ಕೊಡಬಹುದು. ಆ ಮಿತಿಯೊಳಗೆ ಎಷ್ಟು ಎಂಬುದನ್ನು ರಾಜ್ಯಗಳು ಗೊತ್ತುಮಾಡುತ್ತವೆ, ಆದ್ದರಿಂದ ಹೊಸ ಗಾಡಿ ಬುಕ್ ಮಾಡುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ. ಹೊಸ ವಾಹನದ ನೋಂದಣಿ ಶುಲ್ಕದಿಂದಲೂ ವಿನಾಯಿತಿ ಇದೆ. ನಮಗೆ ಹೊಸ ಕಾರು ಬೇಡವಾಗಿದ್ದರೆ ಸಿಒಡಿಯನ್ನು ಬೇಕಾದವರಿಗೆ ಆನ್‌ಲೈನಿನಲ್ಲಿ ಮಾರಲೂ ಅವಕಾಶವಿದೆ. ಒಮ್ಮೆ ಬಳಸಿದ ಮೇಲೆ ಅದು ‘ರದ್ದು’ ಎಂದು ದಾಖಲಾಗುತ್ತದೆ. ಅದಕ್ಕೆ ಅವಧಿಯೂ ಉಂಟು, ಪತ್ರದ ಮೇಲೆ ನೋಡಿಕೊಳ್ಳಬೇಕು.

ಹದಿನೈದು ವರ್ಷವಾಯಿತೆಂದ ಮಾತ್ರಕ್ಕೆ ಕಾರನ್ನು ಗುಜರಿಗೆ ಕೊಡಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಹರಡಿದೆ. ಅದು ದೆಹಲಿ ಸುತ್ತಲಿನ ಪ್ರದೇಶದ ಆದೇಶಗಳಿಂದ ಹುಟ್ಟಿದ ತಪ್ಪು ತಿಳಿವಳಿಕೆ. 2023ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ನಿಜ. ಖಾಸಗಿ ಕಾರು ತಪಾಸಣೆಯಲ್ಲಿ ಗೆದ್ದರೆ ಕರ್ನಾಟಕದಲ್ಲಿ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಓಡಿಸಬಹುದು. 2022ರ ಏಪ್ರಿಲಿನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡು ಬಂದ ಗಾಡಿಗೆ 2021ರ ನಿಯಮದಂತೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿಯೇ ಇದೆ. ಚೆನ್ನಾಗಿರುವ ಹಳೆಯ ಕಾರನ್ನು ಭಯದಿಂದ ಕಳೆದುಕೊಳ್ಳಬೇಡಿ ಎಂದು ಒತ್ತಿ ಹೇಳಬೇಕೆನಿಸುತ್ತದೆ.

ಯುರೋಪಿನ ದೇಶಗಳು 2000ದ ನಿರ್ದೇಶನದಿಂದ ‘ನಾಶದ ಪ್ರಮಾಣಪತ್ರ’ವನ್ನು ಕಡ್ಡಾಯ ಮಾಡಿಕೊಂಡವು, ಅಲ್ಲಿ ನೋಂದಣಿ ರದ್ದಾಗಲು ಅದು ಬೇಕು. ಜಪಾನಿನಲ್ಲಿ 2005ರಿಂದ ಕಾರು ಕೊಳ್ಳುವಾಗಲೇ ಅದನ್ನು ಮುಂದೆ ಕಳಚುವ ಖರ್ಚನ್ನು ಕಟ್ಟಿಸಿಕೊಳ್ಳುತ್ತಾರೆ. ನಮ್ಮಲ್ಲಿ 2025ರ ಏಪ್ರಿಲಿನಿಂದ ಜಾರಿಗೆ ಬಂದ ಪರಿಸರ ನಿಯಮಗಳು ಈ ಹೊಣೆಯ ಒಂದು ಭಾಗವನ್ನು ವಾಹನ ತಯಾರಕರ ಮೇಲೆ ಹೊರಿಸಿವೆ. ತಡವಾಗಿಯಾದರೂ ಸರಿಯಾದ ದಿಕ್ಕು.

ಕಳಚಿದ ಪ್ರಮಾಣಪತ್ರ ಬಂದ ಮೇಲೆ ಮಾಲೀಕರ ಕೈಯಲ್ಲಿ ಉಳಿಯುವ ಕೆಲಸ ಸ್ವಲ್ಪವೇ. ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಪಾಲಿಸಿ ರದ್ದುಮಾಡಿಸಬೇಕು. ನೋ ಕ್ಲೇಮ್ ಬೋನಸ್ ಕಾರಿಗೆ ಅಂಟಿದ್ದಲ್ಲ, ಮಾಲೀಕರದ್ದು. ಅದನ್ನು ಕಾಯ್ದಿರಿಸಿದ ಪತ್ರ ಕೇಳಿ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಪೂರ್ತಿ ಬೆಳೆದ ಬೋನಸ್ ಶೇ 50ರಷ್ಟಿರುತ್ತದೆ, ಕೈಬಿಡುವ ಮೊತ್ತವಲ್ಲ. ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಖಾತೆ ಮುಚ್ಚಿಸಬೇಕು.

ಆಮೇಲೆ ಪರಿವಾಹನ್ ತಾಣದಲ್ಲಿ ನಂಬರು ಹಾಕಿ ನೋಂದಣಿಯ ಸ್ಥಿತಿ ಬದಲಾಗಿದೆಯೇ ಎಂದು ಕಣ್ಣಾರೆ ನೋಡಬೇಕು. ಬದಲಾಗಿರದಿದ್ದರೆ ಕೇಂದ್ರಕ್ಕೂ ಆರ್‌ಟಿಒಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಎರಡೂ ಪ್ರಮಾಣಪತ್ರ, ಆರ್‌ಸಿಯ ನಕಲು, ಬ್ಯಾಂಕಿನ ಎನ್‌ಒಸಿ, ತೂಕದ ಚೀಟಿ, ಪಾಲಿಸಿ ರದ್ದಾದ ಪತ್ರ, ಇಷ್ಟನ್ನೂ ಒಂದೇ ಕವರಿನಲ್ಲಿ ಹಾಕಿಡಿ. ಪ್ರಮಾಣಪತ್ರ ಕೈಗೆ ಬಂದ ದಿನವೇ ಅದರಲ್ಲಿರುವ ಹದಿನೇಳು ಅಕ್ಷರಗಳನ್ನು ಆರ್‌ಸಿಯ ಪಕ್ಕ ಇಟ್ಟು ಒಂದೊಂದಾಗಿ ಓದಿ. ಒಂದು ಅಂಕಿ ತಪ್ಪಾಗಿದ್ದರೂ ಆ ಆರು ತಿಂಗಳೊಳಗೆ ತಿದ್ದಿಸಿಕೊಳ್ಳಿ. ಹೋಲಿಸಿ ನೋಡಲು ಆ ತಗಡಿನ ತುಂಡು ಆಗ ಇನ್ನೂ ಕೇಂದ್ರದ ಕಪಾಟಿನಲ್ಲಿ ಇರುತ್ತದೆ.